ಟೂರಿಗೆ ಹೋದ ಮಗು ಏನು ಕಲಿತು ಬಂತು? ಅಕ್ಕಲಕೋಟ-ಸೊಲ್ಲಾಪುರ ದಾರಿಯ ಪಾಠಗಳು

ಡಿಸೆಂಬರ್ ಬಂತೆಂದರೆ ಹೈಸ್ಕೂಲುಗಳಲ್ಲಿ ಟೂರಿನ ಗೌಜಿ ಶುರು. ಮೊದಲು ನೋಟಿಸು ಬರುತ್ತದೆ, ಆಮೇಲೆ ದುಡ್ಡು ಕಟ್ಟುವ ಕೊನೆಯ ದಿನ ಬರುತ್ತದೆ, ಕೊನೆಗೆ ಬಸ್ಸು ಬರುತ್ತದೆ. ಎರಡು ದಿನದಲ್ಲಿ ಏಳೆಂಟು ಊರು ಸುತ್ತಿ, ಮೊಬೈಲ್ ತುಂಬ ಸೆಲ್ಫಿ ತುಂಬಿಕೊಂಡು ಮಕ್ಕಳು ಮನೆ ಸೇರುತ್ತಾರೆ. ಮನೆಯವರು ಕೇಳುವುದು "ಊಟ ಹೇಗಿತ್ತು, ನಿದ್ದೆ ಬಂತಾ" ಅಂತ. ಮರುದಿನ ತರಗತಿಯಲ್ಲಿ ಯಥಾಪ್ರಕಾರ ಪಾಠ, ನೋಟ್ಸು, ಟೆಸ್ಟು. ಟೂರಿನಲ್ಲಿ ನೋಡಿದ್ದಕ್ಕೂ ಪುಸ್ತಕದಲ್ಲಿ ಓದುವುದಕ್ಕೂ ಏನಾದರೂ ಸಂಬಂಧ ಇದೆಯಾ ಎಂದು ಯಾರೂ ಕೇಳುವುದಿಲ್ಲ.

ಕೇಳಬೇಕಾದ ಪ್ರಶ್ನೆಯೇ ಅದು. ಟೂರಿಗೆ ಕಟ್ಟುವ ದುಡ್ಡು ಅನೇಕ ಮನೆಗಳಲ್ಲಿ ಒಂದು ವಾರದ ದುಡಿಮೆ. ಅದನ್ನು ಕಟ್ಟಲಾಗದೆ ಪ್ರತಿ ತರಗತಿಯಲ್ಲೂ ಕೆಲವು ಮಕ್ಕಳು ಹಿಂದೆ ಉಳಿಯುತ್ತಾರೆ. ಅಷ್ಟು ಖರ್ಚು ಮಾಡಿ ಹೋದವರಿಗೂ ಪಾಠ ಸಿಗದೆ, ಹೋಗದವರಿಗೆ ಬೇಸರ ಮಾತ್ರ ಸಿಗುವುದಾದರೆ ಇದು ನಷ್ಟದ ವ್ಯಾಪಾರ. ಸರಿಯಾಗಿ ಮಾಡಿದರೆ ಮಾತ್ರ ಒಂದು ದಿನದ ಪ್ರವಾಸ ಒಂದು ತಿಂಗಳ ಪಾಠಕ್ಕೆ ಸಮ. ಅದಕ್ಕೆ ದೂರದ ಊರೂ ಬೇಡ, ದೊಡ್ಡ ಬಜೆಟ್ಟೂ ಬೇಡ.

ಅನುಭವದಿಂದ ಕಲಿಯುವುದು ಅಂದ್ರೆ ಏನು?

ನೋಡಿದ್ದೆಲ್ಲ ಕಲಿಕೆ ಆಗುವುದಿಲ್ಲ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1938ರಲ್ಲಿ ಅನುಭವ ಮತ್ತು ಶಿಕ್ಷಣದ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದರು. ಎಲ್ಲ ಅನುಭವವೂ ಕಲಿಸುವುದಿಲ್ಲ, ಮುಂದಿನ ಕಲಿಕೆಗೆ ದಾರಿ ತೆರೆಯುವ ಅನುಭವವೇ ಶಿಕ್ಷಣ ಎಂಬುದು ಅದರ ತಿರುಳು. 1984ರಲ್ಲಿ ಡೇವಿಡ್ ಕೋಲ್ಬ್ ಇದನ್ನು ನಾಲ್ಕು ಹೆಜ್ಜೆಯ ಚಕ್ರವಾಗಿ ವಿವರಿಸಿದರು. ಮೊದಲು ಅನುಭವ. ಆಮೇಲೆ ಆ ಬಗ್ಗೆ ಯೋಚನೆ. ಅದರಿಂದ ಒಂದು ನಿಯಮ ಅಥವಾ ತತ್ವ ಹೊಳೆಯುವುದು. ಕೊನೆಗೆ ಆ ತತ್ವವನ್ನು ಬೇರೆ ಕಡೆ ಹಾಕಿ ನೋಡುವುದು. ನಮ್ಮ ಹೆಚ್ಚಿನ ಶಾಲಾ ಟೂರುಗಳು ಮೊದಲ ಹೆಜ್ಜೆಗೇ ನಿಂತು ಬಿಡುತ್ತವೆ.

ಈ ವಿಚಾರ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯ 'ನಯೀ ತಾಲೀಮ್' ವಿಚಾರ ಚರ್ಚೆಗೆ ಬಂದಾಗ, ಅದಕ್ಕೆ ಪಠ್ಯಕ್ರಮ ರೂಪಿಸಿದ ಸಮಿತಿಯ ಅಧ್ಯಕ್ಷರಾಗಿದ್ದವರು ಡಾ. ಝಾಕಿರ್ ಹುಸೇನ್. ಮುಂದೆ ಅವರು ದೇಶದ ರಾಷ್ಟ್ರಪತಿಯಾದರು. ಕೈಕೆಲಸ ಮತ್ತು ಸುತ್ತಲಿನ ಬದುಕಿನ ಮೂಲಕ ಓದು ಬರಹ ಕಲಿಸಬೇಕು ಎಂಬುದು ಆ ಯೋಜನೆಯ ಜೀವಾಳ. ಕರಾವಳಿಯಲ್ಲೇ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಇಂಥ ಪ್ರಯೋಗ ಮಾಡಿದ್ದರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಿ ಎಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅನುಭವಾತ್ಮಕ ಕಲಿಕೆ ಎಂಬ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ. ಕಾಗದದಲ್ಲಿ ಎಲ್ಲ ಇದೆ. ಬಸ್ಸಿನಲ್ಲಿ ಇಲ್ಲ, ಅಷ್ಟೇ.

ಬಸ್ಸಿಗೆ ಅದನ್ನು ತರುವುದು ಹೇಗೆ ಎಂದು ನೋಡಲು ಕರಾವಳಿಯಿಂದ ಸ್ವಲ್ಪ ದೂರದ ಒಂದು ದಾರಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮಹಾರಾಷ್ಟ್ರದ ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಹೋಗುವ ದಾರಿ ಅದು. ಸುಮಾರು 40 ಕಿಲೋಮೀಟರ್.

ಮಹಾರಾಷ್ಟ್ರದ ಕನ್ನಡ ಮಕ್ಕಳು

ಅಕ್ಕಲಕೋಟ ಸೊಲ್ಲಾಪುರ ಜಿಲ್ಲೆಯ ಗಡಿ ತಾಲೂಕು. ಆಚೆ ಕಡೆ ಕಲಬುರಗಿ, ವಿಜಯಪುರ ಜಿಲ್ಲೆಗಳು. ನಾಗಣಸೂರು, ತೋಳನೂರು, ಕರಜಗಿಯಂಥ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿ ಮಾತು ಮರಾಠಿ, ಮುಸ್ಲಿಮರ ಮನೆಗಳಲ್ಲಿ ದಖ್ಖನಿ. 1967ರ ಮಹಾಜನ ಆಯೋಗ ಈ ತಾಲೂಕನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕು ಎಂದು ಶಿಫಾರಸು ಮಾಡಿತ್ತು. ಅದು ಜಾರಿಗೆ ಬರಲಿಲ್ಲ. ರಾಜ್ಯ ಯಾವುದಾದರೂ ಮಕ್ಕಳು ಕನ್ನಡದಲ್ಲೇ ಓದುತ್ತಿದ್ದಾರೆ. ಪುಣೆಯ ಪಠ್ಯಪುಸ್ತಕ ಸಂಸ್ಥೆ 'ಬಾಲಭಾರತಿ' ಮರಾಠಿಯ ಜೊತೆಗೆ ಕನ್ನಡ, ಉರ್ದು, ತೆಲುಗು ಮುಂತಾದ ಭಾಷೆಗಳಲ್ಲೂ ಪುಸ್ತಕ ಮುದ್ರಿಸುತ್ತದೆ. ಹಾಗಾಗಿ ಮಹಾರಾಷ್ಟ್ರದ ಹತ್ತನೆ ತರಗತಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಮಕ್ಕಳು ಇಲ್ಲಿದ್ದಾರೆ.

ಶಾಲಾ ಪ್ರವಾಸಕ್ಕೆ ಅಲ್ಲಿ 'ಸಹಲ್' ಅನ್ನುತ್ತಾರೆ. 'ಲಾಲ್ ಪರಿ' ಎಂದು ಜನ ಪ್ರೀತಿಯಿಂದ ಕರೆಯುವ ಕೆಂಪು ಎಸ್‌ಟಿ ಬಸ್ಸು ಶಾಲಾ ಪ್ರವಾಸಕ್ಕೆ ರಿಯಾಯಿತಿಯಲ್ಲಿ ಸಿಗುತ್ತದೆ. ಬೆಳಗ್ಗೆ ಹೊರಟರೆ ಸಂಜೆಗೆ ಮನೆ. ಬುತ್ತಿಗೆ ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಸಾಕು. ಹಾಗಾದರೆ ಈ ದಾರಿಯಲ್ಲಿ ಕಲಿಯಲು ಏನಿದೆ?

ಮೊದಲ ಪಾಠ: ಸಾವಿರ ಬೀಡಿಯ ಲೆಕ್ಕ

ಸೊಲ್ಲಾಪುರ ತಲುಪುವ ಮೊದಲೇ ಅಕ್ಕಲಕೋಟ ರಸ್ತೆಯಲ್ಲಿ ಕುಂಭಾರಿ ಸಿಗುತ್ತದೆ. ಇಲ್ಲಿ ಬೀಡಿ ಕಟ್ಟುವ ಹೆಂಗಸರಿಗಾಗಿ ಸಹಕಾರಿ ಸಂಘದ ಮೂಲಕ ಕಟ್ಟಿಸಿದ 10 ಸಾವಿರ ಮನೆಗಳ ಬಡಾವಣೆ ಇದೆ. ಕಾರ್ಮಿಕ, ಆದಿವಾಸಿ ಹೋರಾಟಗಳ ನಾಯಕಿ ಗೋದಾವರಿ ಪರುಳೇಕರ್ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಸೊಲ್ಲಾಪುರದಲ್ಲಿ ಬಟ್ಟೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ ಮೇಲೆ ಸಾವಿರಾರು ಮನೆಗಳ ಒಲೆ ಉರಿದದ್ದು ಹೆಂಗಸರ ಬೀಡಿ ಸಂಪಾದನೆಯಿಂದ.

ಇಲ್ಲಿ ಮಕ್ಕಳು ಕೇಳಬೇಕಾದ ಪ್ರಶ್ನೆಗಳು ಸರಳ. ಸಾವಿರ ಬೀಡಿ ಕಟ್ಟಲು ಎಷ್ಟು ಗಂಟೆ ಬೇಕು? ಸಾವಿರಕ್ಕೆ ಮಜೂರಿ ಎಷ್ಟು? ಎಲೆ ಕಡಿಮೆ ಬಿದ್ದರೆ ಆ ದುಡ್ಡು ಯಾರ ಕೈಯಿಂದ ಹೋಗುತ್ತದೆ? ಸರಿಯಿಲ್ಲ ಎಂದು ಬೀಡಿ ತೆಗೆದು ಹಾಕಿದರೆ ನಷ್ಟ ಯಾರಿಗೆ? ಉತ್ತರ ಬರೆದುಕೊಂಡು ಬಂದು ಗಂಟೆಗೆ ಎಷ್ಟು ಬಿತ್ತು ಎಂದು ಭಾಗಾಕಾರ ಮಾಡಿದರೆ ಗಣಿತ, ಅರ್ಥಶಾಸ್ತ್ರ, ಸಮಾಜ ವಿಜ್ಞಾನ ಮೂರೂ ಒಂದೇ ಪುಟದಲ್ಲಿ ಬಂತು.

ಎರಡನೆ ಪಾಠ: ಚಾದರದೊಳಗಿನ ಕಂಪ್ಯೂಟರ್

ಸೊಲ್ಲಾಪುರಿ ಚಾದರ ಗೊತ್ತಿಲ್ಲದ ಮನೆ ಕರಾವಳಿಯಲ್ಲೂ ಕಮ್ಮಿ. ಗಟ್ಟಿಯಾದ ಹತ್ತಿಯ ಹೊದಿಕೆ. ಅದರ ಹೂವಿನ ಚಿತ್ತಾರ ಮೇಲೆ ಮುದ್ರಿಸಿದ್ದಲ್ಲ, ನೇಯ್ಗೆಯಲ್ಲೇ ಬಂದದ್ದು. ಅದು ಹೇಗೆ ಬರುತ್ತದೆ ಎಂಬುದೇ ಒಂದು ವಿಜ್ಞಾನ ಪಾಠ.

ಮಗ್ಗದಲ್ಲಿ ಉದ್ದಕ್ಕೆ ಹಾಸು ನೂಲು, ಅಡ್ಡಕ್ಕೆ ಹೊಕ್ಕು ನೂಲು. ಲಾಳಿ ಪ್ರತಿ ಸಲ ಅಡ್ಡ ಹಾಯುವಾಗ ಹಾಸಿನ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂಬುದು ಚಿತ್ತಾರವನ್ನು ನಿರ್ಧರಿಸುತ್ತದೆ. ಮಗ್ಗದ ಮೇಲೆ ಕೂರಿಸಿದ ಜಕಾರ್ಡ್ ಯಂತ್ರದಲ್ಲಿ ತೂತು ಹೊಡೆದ ರಟ್ಟುಗಳ ಸರಮಾಲೆ ಇರುತ್ತದೆ. ತೂತು ಇದ್ದಲ್ಲಿ ಕೊಕ್ಕೆ ಎಳೆಯನ್ನು ಎತ್ತುತ್ತದೆ, ತೂತು ಇಲ್ಲದಲ್ಲಿ ಬಿಟ್ಟುಬಿಡುತ್ತದೆ. ಹೌದು, ಅಲ್ಲ. ಒಂದು, ಸೊನ್ನೆ. ಫ್ರಾನ್ಸಿನ ಜೋಸೆಫ್ ಮೇರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಈ ಉಪಾಯವನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ತೆಗೆದುಕೊಂಡರು. ಇಪ್ಪತ್ತನೆ ಶತಮಾನದ ಕಂಪ್ಯೂಟರುಗಳೂ ದಶಕಗಳ ಕಾಲ ತೂತು ಕಾರ್ಡುಗಳನ್ನೇ ಓದುತ್ತಿದ್ದವು. ಕಂಪ್ಯೂಟರ್ ಲ್ಯಾಬಿನಲ್ಲಿ ಬೈನರಿ ಅರ್ಥವಾಗದ ಮಗುವಿಗೆ ಮಗ್ಗದ ಮುಂದೆ ಐದು ನಿಮಿಷದಲ್ಲಿ ಅರ್ಥವಾಗುತ್ತದೆ.

ಇನ್ನೊಂದು ವಿಷಯ ವ್ಯಾಪಾರದ್ದು. ಸೊಲ್ಲಾಪುರಿ ಚಾದರಕ್ಕೆ, ಅಲ್ಲಿನ ಟರ್ಕಿ ಟವೆಲ್ಲಿಗೆ ಭೌಗೋಳಿಕ ಸೂಚಿಕೆ, ಅಂದ್ರೆ ಜಿಐ ಮಾನ್ಯತೆ ಇದೆ. ಬೇರೆ ಊರಲ್ಲಿ ನೇಯ್ದದ್ದನ್ನು ಆ ಹೆಸರಲ್ಲಿ ಮಾರುವಂತಿಲ್ಲ ಎಂಬುದು ಕಾನೂನು. ಆದರೂ ಕಡಿಮೆ ರೇಟಿನ ನಕಲಿ ಮಾಲು ಪೇಟೆಗೆ ಬರುತ್ತದೆ, ಅಸಲಿ ನೇಕಾರನಿಗೆ ಏಟು ಬೀಳುತ್ತದೆ. ಬ್ರಾಂಡ್, ಪೈಪೋಟಿ, ಕಾನೂನು ಎಂಬ ಮೂರು ಶಬ್ದಗಳು ಮಗ್ಗದ ಶೆಡ್ಡಿನಲ್ಲೇ ಕಣ್ಣಿಗೆ ಕಾಣುತ್ತವೆ. ಅಲ್ಲಿನ ನೇಕಾರರಲ್ಲಿ ಬಹಳ ಮಂದಿ ತೆಲಂಗಾಣದ ಕಡೆಯಿಂದ ಬಂದ ಪದ್ಮಶಾಲಿ ಕುಟುಂಬದವರು, ಮನೆಯಲ್ಲಿ ತೆಲುಗು. ದುಡಿಮೆ ಹುಡುಕಿ ಊರು ಬಿಟ್ಟವರ ಕಥೆ ಬ್ಯಾರಿ ಮನೆಗಳಿಗೆ ಹೊಸದಲ್ಲ.

ಮೂರನೆ ಪಾಠ: ನಾಲ್ಕು ಪ್ರತಿಮೆಗಳು

ಸೊಲ್ಲಾಪುರದ ನಡು ಪೇಟೆಯಲ್ಲಿ 'ಚಾರ್ ಹುತಾತ್ಮಾ ಚೌಕ' ಇದೆ. ನಾಲ್ವರು ಹುತಾತ್ಮರ ಪ್ರತಿಮೆಗಳು ಒಟ್ಟಿಗೆ ನಿಂತಿವೆ. ಮಲ್ಲಪ್ಪ ಧನಶೆಟ್ಟಿ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಜಗನ್ನಾಥ ಶಿಂಧೆ, ಶ್ರೀಕಿಸನ್ ಸಾರ್ಡಾ.

1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನವಾದಾಗ ಸೊಲ್ಲಾಪುರದ ಮಿಲ್ ಕಾರ್ಮಿಕರು ಬೀದಿಗೆ ಬಂದರು. ಗೋಲಿಬಾರ್ ಆಯಿತು, ಜನ ಕೆರಳಿದರು. ಕೆಲವು ದಿನ ಬ್ರಿಟಿಷ್ ಆಡಳಿತವೇ ಊರಿನಲ್ಲಿ ಇಲ್ಲದಂತಾಯಿತು. ಸರಕಾರ ಮಾರ್ಷಲ್ ಲಾ ಹೇರಿ ಊರನ್ನು ಸೈನ್ಯದ ಕೈಗೆ ಕೊಟ್ಟಿತು. ಪೊಲೀಸರ ಹತ್ಯೆಯ ಆರೋಪ ಹೊರಿಸಿ ಈ ನಾಲ್ವರನ್ನು 1931ರ ಜನವರಿ 12ರಂದು ಪುಣೆಯ ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿತು. ಕುರ್ಬಾನ್ ಹುಸೇನ್ ಪತ್ರಿಕೆಯೊಂದರ ಸಂಪಾದಕರಾಗಿದ್ದ ಯುವಕ.

ಭಗತ್ ಸಿಂಗ್ ಗಲ್ಲಿಗೇರಿದ್ದು ಇದಾಗಿ ಎರಡು ತಿಂಗಳ ಮೇಲೆ. ಆ ಹೆಸರು ಎಲ್ಲ ಮಕ್ಕಳಿಗೂ ಗೊತ್ತು. ಸೊಲ್ಲಾಪುರದ ನಾಲ್ವರು ಎಷ್ಟು ಮಂದಿಗೆ ಗೊತ್ತು? ಈ ದೇಶದಲ್ಲಿ ನಿಮ್ಮ ಪಾಲೇನು ಎಂದು ಮುಸ್ಲಿಂ ಹುಡುಗನೊಬ್ಬನನ್ನು ವಾಟ್ಸ್‌ಆ್ಯಪಿನಲ್ಲಿ ಯಾರಾದರೂ ಕೆಣಕಿದರೆ ಅವನು ಸಿಟ್ಟಾಗುತ್ತಾನೆ, ಉತ್ತರ ಗೊತ್ತಿರುವುದಿಲ್ಲ. ಈ ಚೌಕದಲ್ಲಿ ಒಮ್ಮೆ ನಿಂತವನಿಗೆ ಸಿಟ್ಟಿನ ಅಗತ್ಯ ಬೀಳುವುದಿಲ್ಲ, ನಾಲ್ಕು ಹೆಸರು ಹೇಳಿದರೆ ಸಾಕು. ಅವನ ಪಕ್ಕದಲ್ಲಿ ನಿಂತ ಹಿಂದೂ ಸಹಪಾಠಿಗೂ ಅದೇ ಹೆಸರುಗಳು ನೆನಪಿರುತ್ತವೆ. ಒಂದೇ ಬಸ್ಸಿನಲ್ಲಿ ಹೋಗಿ ಒಟ್ಟಿಗೆ ನೋಡಿದ್ದರ ಬೆಲೆ ಅದು.

ಅದೇ ಊರಿನಲ್ಲಿ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಸ್ಮಾರಕವೂ ಇದೆ. 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಈ ವೈದ್ಯ, 1938ರಲ್ಲಿ ಐವರು ಭಾರತೀಯ ವೈದ್ಯರ ತಂಡದ ಜೊತೆ ಯುದ್ಧಪೀಡಿತ ಚೀನಾಕ್ಕೆ ಹೋಗಿ ಗಾಯಾಳುಗಳ ಸೇವೆ ಮಾಡುತ್ತಲೇ 1942ರ ಡಿಸೆಂಬರ್ 9ರಂದು ತೀರಿಕೊಂಡರು. ಆಗ ವಯಸ್ಸು 32. ಡಾಕ್ಟರ್ ಆಗಬೇಕು ಎನ್ನುವ ಮಕ್ಕಳು ಯಾಕೆ ಆಗಬೇಕು ಎಂದು ಯೋಚಿಸಲು ಅದು ಒಳ್ಳೆಯ ಜಾಗ.

ನಾಲ್ಕನೆ ಪಾಠ: ಕೆರೆ, ಕಲ್ಲು, ಹುಲ್ಲು

ಪೇಟೆಯ ಕೋಟೆಯ ಪಕ್ಕದಲ್ಲೇ ಸಿದ್ಧೇಶ್ವರ ಕೆರೆ. ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. 12ನೆ ಶತಮಾನದಲ್ಲಿ ಬಸವಣ್ಣ, ಅಲ್ಲಮಪ್ರಭುಗಳ ಸಮಕಾಲೀನನಾಗಿದ್ದ ಸಿದ್ಧರಾಮ ಇಲ್ಲಿಯವನು, ವಚನ ಬರೆದದ್ದು ಕನ್ನಡದಲ್ಲಿ. ಮಳೆ ಕಮ್ಮಿ ಇರುವ ಈ ಸೀಮೆಯಲ್ಲಿ ಜನರಿಗಾಗಿ ಕೆರೆ ಕಟ್ಟಿಸಿದವನೆಂದು ಅವನನ್ನು ನೆನೆಯುತ್ತಾರೆ. ಕನ್ನಡ ಪಾಠದಲ್ಲಿ ಅವನ ಹೆಸರು ಓದಿದ ಮಗು ಕೆರೆಯ ದಂಡೆಯಲ್ಲಿ ನಿಂತಾಗ ಸಾಹಿತ್ಯ, ಇತಿಹಾಸ, ನೀರಿನ ಲೆಕ್ಕ ಒಟ್ಟಿಗೆ ಸೇರುತ್ತವೆ.

ದಕ್ಷಿಣ ಸೊಲ್ಲಾಪುರ ತಾಲೂಕಿನ ಹತ್ತರಸಂಗ ಕೂಡಲದಲ್ಲಿ ಭೀಮಾ ಮತ್ತು ಸೀನಾ ನದಿಗಳು ಸೇರುತ್ತವೆ. ಅಲ್ಲಿನ ಸಂಗಮೇಶ್ವರ ಗುಡಿಯಲ್ಲಿ ಶಕ 940ರ, ಅಂದ್ರೆ ಕ್ರಿ.ಶ. 1018ರ ಶಾಸನವಿದೆ. ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲಿ ಅದೂ ಒಂದು. ಮರಾಠಿಯ ಹಳೆಯ ಸಾಲೂ ಕನ್ನಡದ ವಚನಕಾರನ ಊರೂ ಒಂದೇ ಸೀಮೆಯಲ್ಲಿವೆ ಎಂದು ತಿಳಿದ ಮಗುವಿಗೆ ಭಾಷೆಯ ಹೆಸರಿನ ಜಗಳ ಬೇರೆ ಥರ ಕಾಣುತ್ತದೆ.

ಹತ್ತಿರದ ನಾನ್ನಜ್‌ನಲ್ಲಿ ಎರ್ಲಡ್ಡು ಹಕ್ಕಿಗಾಗಿ, ಅಂದ್ರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ಗಾಗಿ ಕಾಯ್ದಿಟ್ಟ ಅಭಯಾರಣ್ಯವಿದೆ. ಅಭಯಾರಣ್ಯ ಎಂದ ಕೂಡಲೇ ಮಕ್ಕಳು ದೊಡ್ಡ ಮರ ಹುಡುಕುತ್ತಾರೆ. ಇಲ್ಲಿರುವುದು ಹುಲ್ಲುಗಾವಲು. ನೆಲದ ಮೇಲೆ ಒಂದೇ ಒಂದು ಮೊಟ್ಟೆ ಇಡುವ ಈ ಹಕ್ಕಿಗೆ ಹುಲ್ಲೇ ಕಾಡು. ಹುಲ್ಲುಗಾವಲನ್ನು ಬಂಜರು ಎಂದು ಉತ್ತು ಕಟ್ಟಡ ಕಟ್ಟಿದ್ದರ ಪರಿಣಾಮವೂ ಸೇರಿ ಇವತ್ತು ಇಡೀ ದೇಶದಲ್ಲಿ ಉಳಿದಿರುವುದು 150ರ ಆಸುಪಾಸು ಎನ್ನುತ್ತಾರೆ. ಹಕ್ಕಿ ಕಾಣದೇ ಇರಬಹುದು. ಯಾಕೆ ಕಾಣಲಿಲ್ಲ ಎಂಬುದೂ ಪಾಠವೇ.

ಇಷ್ಟೂ ಜಾಗ ಒಂದೇ ದಿನದಲ್ಲಿ ಮಾಡಲು ಹೊರಟರೆ ಮತ್ತೆ ಹಳೆ ಟೂರೇ ಆಗುತ್ತದೆ. ಒಂದು ವರ್ಷಕ್ಕೆ ಒಂದು ಪ್ರವಾಸ, ಎರಡೇ ಜಾಗ, ಪ್ರತಿ ಜಾಗದಲ್ಲಿ ಎರಡು ಗಂಟೆ. ಎಂಟನೆ, ಒಂಬತ್ತನೆ ತರಗತಿ ಇದಕ್ಕೆ ಸರಿಯಾದ ಸಮಯ. ಹತ್ತನೆಯಲ್ಲಿ ಪರೀಕ್ಷೆಯ ಭಯವೇ ಬಸ್ಸಿನ ಅರ್ಧ ಸೀಟು ಹಿಡಿದಿರುತ್ತದೆ.

ಹೋಗುವ ಮೊದಲು, ಬಂದ ಮೇಲೆ

ಪ್ರವಾಸದ ಅಸಲಿ ಕೆಲಸ ಇರುವುದು ಬಸ್ಸಿನ ಹೊರಗೆ. ಹೋಗುವ ವಾರ ಮೊದಲು ಪ್ರತಿ ಮಗು ಮೂರು ಪ್ರಶ್ನೆ ಬರೆಯಬೇಕು, ಗೂಗಲಿನಲ್ಲಿ ಸಿಗದ ಪ್ರಶ್ನೆ. ಐದೈದು ಮಕ್ಕಳ ಗುಂಪು ಮಾಡಿ ಒಬ್ಬನಿಗೆ ಅಳತೆ, ಒಬ್ಬಳಿಗೆ ಚಿತ್ರ, ಒಬ್ಬನಿಗೆ ಮಾತುಕತೆ, ಒಬ್ಬಳಿಗೆ ಖರ್ಚಿನ ಲೆಕ್ಕ, ಒಬ್ಬನಿಗೆ ಸಮಯದ ಜವಾಬ್ದಾರಿ ಕೊಡಬೇಕು. ಮೊಬೈಲ್ ಗುಂಪಿಗೆ ಒಂದು ಸಾಕು.

ಬಂದ ಮೇಲೆ ಒಂದು ವಾರದೊಳಗೆ ಗೋಡೆಗೆ ಚಾರ್ಟು ಹಾಕಬಹುದು, ಅಸೆಂಬ್ಲಿಯಲ್ಲಿ ಐದು ನಿಮಿಷ ಮಾತಾಡಿಸಬಹುದು. ರಟ್ಟಿನಲ್ಲಿ ತೂತು ಮಾಡಿ ಉಲ್ಲನ್ ದಾರದಲ್ಲಿ ಪುಟ್ಟ ಚಿತ್ತಾರ ನೇಯಿಸಬಹುದು. ಬೀಡಿಯ ಲೆಕ್ಕವನ್ನು ಗ್ರಾಫಿಗೆ ಹಾಕಬಹುದು. ಕೋಲ್ಬ್ ಹೇಳಿದ ಉಳಿದ ಮೂರು ಹೆಜ್ಜೆ ಇವೇ. ಪ್ರವಾಸದ ಖರ್ಚಿನ ಪೂರ್ತಿ ಲೆಕ್ಕವನ್ನು ಮಕ್ಕಳ ಕೈಯಿಂದಲೇ ಬರೆಸಿ ನೋಟಿಸ್ ಬೋರ್ಡಿಗೆ ಹಾಕಿದರೆ ಅದು ಪ್ರಾಮಾಣಿಕತೆಯ ಪಾಠವೂ ಆಯಿತು, ಪೋಷಕರ ಗುಮಾನಿಗೆ ಉತ್ತರವೂ ಆಯಿತು.

ಮನೆಯಲ್ಲೇ ಉಳಿಯುವ ಮಕ್ಕಳು

ಟೂರಿನ ದಿನ ಶಾಲೆಗೆ ರಜೆ ಹಾಕುವ ಮಕ್ಕಳ ಪಟ್ಟಿ ನೋಡಿದರೆ ಅದರಲ್ಲಿ ಎರಡು ಥರದವರು ಎದ್ದು ಕಾಣುತ್ತಾರೆ. ದುಡ್ಡಿಲ್ಲದವರು ಮತ್ತು ಹೆಣ್ಮಕ್ಕಳು. ಹೊರಗಿನ ಲೋಕ ಕಡಿಮೆ ನೋಡಿದವರು ಇವರೇ. ಹಾಗಾಗಿ ಪ್ರವಾಸದಿಂದ ಹೆಚ್ಚು ಲಾಭ ಆಗಬೇಕಾದವರೂ ಇವರೇ.

ದುಡ್ಡಿನ ವಿಷಯ ಲೆಕ್ಕದಿಂದ ಬಗೆಹರಿಯುತ್ತದೆ. ಬಸ್ಸಿಗೆ, ಇತರ ಖರ್ಚಿಗೆ ಒಟ್ಟು 15 ಸಾವಿರ ರೂಪಾಯಿ ಆಗುತ್ತದೆ ಎಂದಿಟ್ಟುಕೊಳ್ಳಿ. 50 ಮಕ್ಕಳಿದ್ದರೆ ತಲೆಗೆ 300. ಜೂನ್‌ನಿಂದಲೇ ತಿಂಗಳಿಗೆ 50 ರೂಪಾಯಿಯಂತೆ ಕೂಡಿಸಿದರೆ ನವೆಂಬರ್‌ಗೆ ಹಣ ರೆಡಿ. ಅದೂ ಆಗದ ಹತ್ತು ಮಕ್ಕಳಿದ್ದರೆ ಬೇಕಾಗುವುದು 3 ಸಾವಿರ. ಹಳೆ ವಿದ್ಯಾರ್ಥಿ ಸಂಘ, ಜಮಾಅತ್, ಗಲ್ಫ್‌ನಲ್ಲಿರುವ ಊರಿನವರು ಇವರಲ್ಲಿ ಯಾರಿಗೂ ಇದು ಭಾರವಲ್ಲ. ಆದರೆ ಯಾರ ಸೀಟಿಗೆ ಯಾರು ಕೊಟ್ಟರು ಎಂಬುದು ಹೆಡ್ ಮಾಸ್ಟರಿಗೆ ಬಿಟ್ಟು ಬೇರೆಯವರಿಗೆ ತಿಳಿಯಬಾರದು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗದಂತೆ ಕೊಡುವ ಮಾತು ಸಮುದಾಯಕ್ಕೆ ಹೇಳಿಕೊಡಬೇಕಾದ್ದಲ್ಲ.

ಹೆಣ್ಮಕ್ಕಳ ವಿಷಯದಲ್ಲಿ ಪೋಷಕರ ಭಯವನ್ನು ತಮಾಷೆ ಮಾಡಿ ಪ್ರಯೋಜನ ಇಲ್ಲ. ಅದೇ ದಿನ ವಾಪಸು, ಜೊತೆಗೆ ಟೀಚರ್‌ಗಳು, ಬೇಕಾದರೆ ಇಬ್ಬರು ತಾಯಂದಿರು, ಮನೆಯ ಬುತ್ತಿ, ನಮಾಝಿಗೆ ಮತ್ತು ಶೌಚಾಲಯಕ್ಕೆ ಮೊದಲೇ ಗೊತ್ತು ಮಾಡಿದ ಜಾಗ. ಇಷ್ಟನ್ನು ಪೋಷಕರ ಸಭೆಯಲ್ಲಿ ಬಾಯಿಬಿಟ್ಟು ಹೇಳಿದರೆ ಹೆಚ್ಚಿನ ಮನೆಗಳಲ್ಲಿ ಒಪ್ಪಿಗೆ ಸಿಗುತ್ತದೆ.

ಜೀವಕ್ಕಿಂತ ದೊಡ್ಡ ಪಾಠ ಇಲ್ಲ

2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ನೀರುಪಾಲಾದರು. ಆ ಮನೆಗಳ ದುಃಖಕ್ಕೆ ಯಾವ ಸಮಾಧಾನವೂ ಇಲ್ಲ. ಕಡಲು, ಹೊಳೆ, ಡ್ಯಾಮ್, ಕೆರೆ ಇವನ್ನು ದಂಡೆಯಿಂದ ನೋಡುವುದು, ಇಳಿಯುವುದು ಇಲ್ಲವೇ ಇಲ್ಲ. ಈ ಒಂದು ನಿಯಮ ಮುರಿಯದಿದ್ದರೆ ಅರ್ಧ ಅಪಾಯ ಕಮ್ಮಿ. ಉಳಿದದ್ದು ಪ್ರತಿ ಸಲ ಬಸ್ಸು ಹತ್ತುವಾಗ ತಲೆ ಎಣಿಕೆ, ಹತ್ತು ಹದಿನೈದು ಮಕ್ಕಳಿಗೊಬ್ಬರು ಶಿಕ್ಷಕರು, ರಾತ್ರಿ ಪ್ರಯಾಣ ಬೇಡ, ಡ್ರೈವರ್‌ಗೆ ಸಾಕಷ್ಟು ವಿಶ್ರಾಂತಿ, ಪೋಷಕರ ಬರಹದ ಒಪ್ಪಿಗೆ, ಇಲಾಖೆಯ ಅನುಮತಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಅವಸರ ಇಲ್ಲದ ಪ್ರವಾಸದಲ್ಲಿ ಕಲಿಕೆ ಜಾಸ್ತಿ, ಅಪಾಯ ಕಮ್ಮಿ.

ನಮ್ಮ ಕರಾವಳಿಯಲ್ಲಿ

ಅಕ್ಕಲಕೋಟದ ಮಕ್ಕಳಿಗೆ 40 ಕಿಲೋಮೀಟರಿನಲ್ಲಿ ಇಷ್ಟು ಸಿಗುವುದಾದರೆ ಕರಾವಳಿಯ ಮಕ್ಕಳಿಗೆ ಕಮ್ಮಿ ಏನಿದೆ? ಬೀಡಿಯ ಪಾಠ ಇಲ್ಲಿ ಅಜ್ಜಿಯ ಮಡಿಲ ತಡ್ಪೆಯಲ್ಲೇ ಇದೆ. ಸಾವಿರಕ್ಕೆ ಇಷ್ಟು ಎಂಬ ಲೆಕ್ಕ ಸೊಲ್ಲಾಪುರದಲ್ಲೂ ಬಂಟ್ವಾಳದಲ್ಲೂ ಒಂದೇ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹಂಚಿನ ಉದ್ಯಮದ ಕಥೆ ಇದೆ. ಬಂದರಿನ ಸಗಟು ಅಂಗಡಿಗಳು, ದಕ್ಕೆಯ ಮೀನಿನ ಹರಾಜು, ಉಳ್ಳಾಲದ ಅಬ್ಬಕ್ಕ ರಾಣಿಯ ನೆಲ, ಬೆಳ್ತಂಗಡಿಯ ಜಮಲಾಬಾದ್ ಕೋಟೆ ಇವೆ. ಒಂದು ಪೇಟೆಯಲ್ಲಿ ಕನ್ನಡ, ತುಳು, ಬ್ಯಾರಿ, ಕೊಂಕಣಿ ನಾಲ್ಕೂ ಕೇಳುವ ಊರು ಇದು. ದಕ್ಕೆಯ ಹರಾಜಿನಲ್ಲಿ ಕೇಳುವ ಬ್ಯಾರಿ ಶಬ್ದಗಳನ್ನು ಮಕ್ಕಳು ಬರೆದು ತಂದರೆ ಅದೇ ಒಂದು ಸಣ್ಣ ನಿಘಂಟು.

ಮುಂದಿನ ಪೋಷಕರ ಸಭೆಯಲ್ಲಿ ಟೂರಿನ ಮಾತು ಬಂದಾಗ ಎಲ್ಲಿಗೆ, ಎಷ್ಟು ದುಡ್ಡು ಎಂಬ ಎರಡು ಪ್ರಶ್ನೆಯ ಜೊತೆಗೆ ಇನ್ನೂ ಎರಡನ್ನು ಕೇಳಬಹುದು. ಮಕ್ಕಳು ಯಾವ ಪ್ರಶ್ನೆ ಹಿಡಿದುಕೊಂಡು ಹೋಗುತ್ತಾರೆ? ತರಗತಿಯಲ್ಲಿ ಯಾರ ಹೆಸರು ಇನ್ನೂ ಪಟ್ಟಿಗೆ ಸೇರಿಲ್ಲ?